ಆ ಹುಲ್ಲು ಸೂರಿನ ಮನೆ ನಿಜವಾಗಿ ಇತ್ತೇ?

ಪ್ರಶ್ನೆ: ಮಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕಟ್ಟು ಹಾಕಿದ ಜಲವರ್ಣ ಚಿತ್ರವೊಂದನ್ನು ಕೊಂಡೆ. ಇಂಗ್ಲೆಂಡಿನ ಹಳ್ಳಿಮನೆ. ಹುಲ್ಲಿನ ಸೂರು, ಕೆಂಪು ಹೆಂಚು ಹೊದಿಸಿದ ಗೋಡೆ, ಅಂಗಳದ ತುಂಬ ಹೂವು. ಬಿಳಿ ಏಪ್ರನ್ ತೊಟ್ಟ ಹೆಂಗಸು ಮಗುವನ್ನು ಎತ್ತಿಕೊಂಡು ಗೇಟಿನ ಬಳಿ ನಿಂತಿದ್ದಾಳೆ. ಮೂಲೆಯಲ್ಲಿ ‘ಎಚ್. ಅಲಿಂಗ್‌ಹ್ಯಾಮ್’ ಎಂಬ ಸಹಿ ಇದೆ. ಇದು ಮೂಲ ಚಿತ್ರವೇ, ಪ್ರಿಂಟೇ? ರೊಮ್ಯಾಂಟಿಕ್ ಕಾಲದ್ದು ಅಂತ ಅಂಗಡಿಯವರು ಹೇಳಿದರು, ಹೌದೇ? ಆಗಿನ ಹಳ್ಳಿ ನಿಜವಾಗಿ ಹೀಗೇ ಇತ್ತಾ, ಅಥವಾ ಸುಮ್ನೆ ಚಂದಕ್ಕೆ ಬರೆದದ್ದಾ? ಜಲವರ್ಣ ಕಲಿಯುತ್ತಿರುವ ನನ್ನ ಮಗಳದ್ದೂ ಒಂದು ಪ್ರಶ್ನೆ: ಅಷ್ಟು ಪುಟ್ಟ ಬಿಳಿ ಹೂವುಗಳನ್ನು ಹೇಗೆ ಬಿಡಿಸಿದರು?

ಉತ್ತರ: ಮೊದಲು ಪ್ರಿಂಟಿನ ವಿಷಯ ಮುಗಿಸೋಣ. ಫೋನಿನಲ್ಲಿ ತೆಗೆದ ಫೋಟೋ ನೋಡಿ ಅದನ್ನು ಹೇಳಲಾಗದು. ಆದರೆ ನೀವೇ ಮನೆಯಲ್ಲಿ ನೋಡಿಕೊಳ್ಳಬಹುದು. ಒಂದು ಭೂತಗನ್ನಡಿ ಹಿಡಿದು ಆಕಾಶದ ಭಾಗವನ್ನು ನೋಡಿ. ಹಳದಿ, ಕೆಂಪು, ನೀಲಿ ಬಣ್ಣದ ಸಣ್ಣ ಚುಕ್ಕೆಗಳು ಸಾಲುಸಾಲಾಗಿ ಕಂಡರೆ ಅದು ಅಚ್ಚಾದ ಚಿತ್ರ. ಕೈಯಲ್ಲಿ ಬರೆದದ್ದಾದರೆ ಚುಕ್ಕೆಗಳ ಸಾಲು ಇರುವುದಿಲ್ಲ. ಬಣ್ಣ ಕಾಗದದ ತರಿತರಿಯೊಳಗೆ ಇಳಿದು ಕೂತಿರುತ್ತದೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ.

ಪ್ರಿಂಟ್ ಆಗಿರುವ ಸಂಭವವೇ ಹೆಚ್ಚು. 1903ರಲ್ಲಿ ಲಂಡನ್ನಿನ ಎ ಅಂಡ್ ಸಿ ಬ್ಲ್ಯಾಕ್ ಪ್ರಕಾಶನ ‘ಹ್ಯಾಪಿ ಇಂಗ್ಲೆಂಡ್’ ಎಂಬ ಪುಸ್ತಕ ತಂದಿತು. ಮಾರ್ಕಸ್ ಹ್ಯೂಯಿಷ್ ಬರೆದದ್ದು. ಆಗಷ್ಟೇ ಬಳಕೆಗೆ ಬರುತ್ತಿದ್ದ ಮೂರು ಬಣ್ಣದ ಅಚ್ಚಿನಲ್ಲಿ ಅಲಿಂಗ್‌ಹ್ಯಾಮ್ ಅವರ ಎಂಬತ್ತರಷ್ಟು ಚಿತ್ರಗಳು ಅದರಲ್ಲಿ ಬಂದವು. ನುಣುಪಾದ, ಹೊಳಪಿನ ಕಾಗದ. ಅಂಥ ಪುಸ್ತಕದ ಹಾಳೆಗಳನ್ನು ಬಿಡಿಸಿ ಕಟ್ಟು ಹಾಕಿಸುವುದು ಮಾಮೂಲಿ. ಈಚಿನ ಪ್ರಿಂಟುಗಳೂ ಬೇಕಾದಷ್ಟಿವೆ. ಪ್ರಿಂಟ್ ಅಂತ ಗೊತ್ತಾದರೆ ಬೇಸರ ಮಾಡಿಕೊಳ್ಳಬೇಡಿ. ನೋಡಲು ಅದರಲ್ಲೂ ಬಹಳ ಇದೆ.

ಇನ್ನು ಸಹಿ. ಹೆಲೆನ್ ಅಲಿಂಗ್‌ಹ್ಯಾಮ್ ಹುಟ್ಟಿದ್ದು 1848ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ. ತಂದೆ ಡಾಕ್ಟರ್. 1862ರಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ ಹಬ್ಬಿದಾಗ ರೋಗಿಗಳನ್ನು ನೋಡುತ್ತಿದ್ದ ತಂದೆಯೂ ಹೋದರು, ಪುಟ್ಟ ತಂಗಿಯೂ ಹೋದಳು. ಹೆಲೆನ್‌ಗೆ ಆಗ 13 ವರ್ಷ. ಚಿತ್ರ ಬರೆಯುವುದು ಅವರಿಗೆ ಹವ್ಯಾಸವಾಗಿರಲಿಲ್ಲ. ದುಡಿದು ತಿನ್ನುವ ದಾರಿಯಾಗಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಯಲ್ಲಿ ಕಲಿತರು. ಆ ಶಾಲೆಗೆ ಸೇರಿದ ಮೊದಲ ಹೆಣ್ಣುಮಗಳು ಅವರ ಚಿಕ್ಕಮ್ಮ ಲಾರಾ ಹರ್ಫರ್ಡ್. 1860ರಲ್ಲಿ ತಮ್ಮ ಚಿತ್ರಗಳ ಮೇಲೆ ಪೂರ್ತಿ ಹೆಸರು ಬರೆಯದೆ ‘ಎಲ್. ಹರ್ಫರ್ಡ್’ ಅಂತಷ್ಟೇ ಸಹಿ ಹಾಕಿ ಕಳಿಸಿದ್ದರು. ಗಂಡಸು ಅಂದುಕೊಂಡು ಪ್ರವೇಶ ಕೊಟ್ಟರು!

ಕಲಿತ ಮೇಲೆ ಹೆಲೆನ್ ‘ದಿ ಗ್ರಾಫಿಕ್’ ವಾರಪತ್ರಿಕೆಗೆ ಚಿತ್ರ ಬರೆದರು. ಅವನ್ನು ಮರದಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದರು. ವಿನ್ಸೆಂಟ್ ವ್ಯಾನ್ ಗೋ ಆ ಪತ್ರಿಕೆಯ ಚಿತ್ರಗಳನ್ನು ಕೂಡಿಸಿಟ್ಟುಕೊಂಡು ಅಭ್ಯಾಸ ಮಾಡಿದವನು, ಹೆಲೆನ್ ಕೆಲಸವನ್ನೂ ಮೆಚ್ಚಿಕೊಂಡಿದ್ದ. 1874ರಲ್ಲಿ ಐರ್ಲೆಂಡಿನ ಕವಿ ವಿಲಿಯಂ ಅಲಿಂಗ್‌ಹ್ಯಾಮ್ ಜೊತೆ ಮದುವೆಯಾಯಿತು. ಅವರಿಗೆ 25, ಕವಿಗೆ 50. 1881ರಲ್ಲಿ ಸಂಸಾರ ಲಂಡನ್ ಬಿಟ್ಟು ಸರ್ರೇ ಸೀಮೆಯ ವಿಟ್ಲಿ ಹತ್ತಿರದ ಸ್ಯಾಂಡ್‌ಹಿಲ್ಸ್‌ಗೆ ಬಂತು. ನಿಮ್ಮ ಗೋಡೆಯ ಮೇಲಿರುವಂಥ ಮನೆಗಳ ಚಿತ್ರ ಶುರುವಾದದ್ದು ಅಲ್ಲಿಂದಲೇ.

ಅಂದಮೇಲೆ ರೊಮ್ಯಾಂಟಿಕ್ ಕಾಲ? ಲೆಕ್ಕಕ್ಕೆ ಅಲ್ಲ. ಇಂಗ್ಲೆಂಡಿನಲ್ಲಿ ಆ ಹೆಸರು ಸಲ್ಲುವುದು ಸುಮಾರು 1780ರಿಂದ 1830ರ ದಶಕದವರೆಗಿನ ಕಾಲಕ್ಕೆ. ಇವರು ವಿಕ್ಟೋರಿಯಾ ರಾಣಿಯ ಕಾಲದವರು. ಆದರೆ ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಬಡವರ ಗುಡಿಸಲನ್ನು ನಿಂತು ನೋಡಬೇಕಾದ ವಸ್ತು ಅಂತ ಮಾಡಿದ್ದೇ ರೊಮ್ಯಾಂಟಿಕ್ ಕಾಲ. 1780ರಲ್ಲಿ ಗೇನ್ಸ್‌ಬರೋ ಎಂಬ ಚಿತ್ರಕಾರ ಗುಡಿಸಲಿನ ಬಾಗಿಲಲ್ಲಿ ಮಕ್ಕಳ ಜೊತೆ ನಿಂತ ತಾಯಿಯನ್ನು ದೊಡ್ಡ ತೈಲಚಿತ್ರವಾಗಿ ಬರೆದ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ದಡದ ಪ್ರವಾಸ ಬರೆದು, ಊರನ್ನು ಚಿತ್ರದಂತೆ ನೋಡುವುದು ಹೇಗೆ ಅಂತ ಓದುಗರಿಗೆ ಹೇಳಿಕೊಟ್ಟ. 1794ರಲ್ಲಿ ಯೂವ್‌ಡೇಲ್ ಪ್ರೈಸ್ ಎಂಬ ಜಮೀನುದಾರ ಒಂದು ಪ್ರಬಂಧದಲ್ಲಿ ಇನ್ನೂ ಮುಂದೆ ಹೋದ: ಒರಟು ಗೋಡೆ, ಪಾಚಿ, ಹಳೇ ಮರ, ಸವೆದ ದಾರಿ, ಇವೇ ಕಣ್ಣಿಗೆ ಹಬ್ಬ ಎಂದು ವಾದಿಸಿದ.

ಈ ರುಚಿ ಎಷ್ಟು ಬಲವಾಯಿತು ಅಂದರೆ, ಚಿತ್ರ ನೋಡಿ ಮನೆ ಕಟ್ಟುವ ಹಂತ ಬಂತು. 1811ರ ಸುಮಾರಿಗೆ ಬ್ರಿಸ್ಟಲ್ ಹತ್ತಿರ ಬ್ಲೇಜ್ ಹ್ಯಾಮ್ಲೆಟ್ ಎಂಬ ಪುಟ್ಟ ಊರನ್ನೇ ಹೊಸದಾಗಿ ಕಟ್ಟಿದರು. ವಾಸ್ತುಶಿಲ್ಪಿ ಜಾನ್ ನ್ಯಾಶ್. ಕಟ್ಟಿಸಿದ್ದು ಜಾನ್ ಹಾರ್ಫರ್ಡ್ ಎಂಬ ಸಾಹುಕಾರ, ತನ್ನ ಎಸ್ಟೇಟಿನಲ್ಲಿ ದುಡಿದು ಮುದುಕರಾದವರಿಗೆ. ಒಂದು ಹುಲ್ಲುಗಾವಲಿನ ಸುತ್ತ ಒಂಬತ್ತು ಮನೆ. ಒಂದರಂತೆ ಇನ್ನೊಂದಿಲ್ಲ. ಬೇಕೆಂದೇ ಓರೆಕೋರೆ, ಬೇಕೆಂದೇ ಹಳ್ಳಿಯ ಚಂದ. ಇವತ್ತಿಗೂ ಇವೆ.

ಇದೇ ಕಣ್ಣು ನಮ್ಮ ಕಡೆಗೂ ಬಂದಿತ್ತು, ಅದೂ ಯುದ್ಧದ ಜೊತೆ. ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್ ಸೈನ್ಯದೊಂದಿಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇದ್ದ. ಬೆಂಗಳೂರು, ಸಾವನದುರ್ಗ, ಶಿವಗಂಗೆಗಳ ನೋಟಗಳು ಅವನ ಹೆಸರಲ್ಲಿ 1794ರಲ್ಲಿ ಪುಸ್ತಕವಾಗಿ ಬಂದವು. ಪ್ರೈಸ್‌ನ ಪ್ರಬಂಧ ಬಂದದ್ದೂ ಅದೇ ವರ್ಷ. ಆ ಚಿತ್ರಗಳಲ್ಲಿ ಬೆಟ್ಟ, ಮರ, ದೂರದ ಕೋಟೆ ಎಲ್ಲ ಶಾಂತವಾಗಿವೆ. ಮುತ್ತಿಗೆ ಹಾಕಿದ ನಾಡು ಅಂತ ಹೇಳದಿದ್ದರೆ ಗೊತ್ತಾಗುವುದೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಹಳ್ಳಿ ಹೀಗೇ ಇತ್ತಾ? ನನ್ನ ಉತ್ತರ ಇದು: ಗೋಡೆ, ಸೂರುಗಳ ಮಟ್ಟಿಗೆ ಅಲಿಂಗ್‌ಹ್ಯಾಮ್ ಅವರನ್ನು ಬಹುಮಟ್ಟಿಗೆ ನಂಬಬಹುದು. ಜನರ ಮಟ್ಟಿಗೆ ನಂಬಲಾಗದು. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತರೆ ಚಿತ್ರ ಮೊದಲಿಗಿಂತ ಹೆಚ್ಚು ಮಾತಾಡುತ್ತದೆ.

ಮೊದಲು ಗೋಡೆ. ನೀವು ‘ಕೆಂಪು ಹೆಂಚು ಹೊದಿಸಿದ ಗೋಡೆ’ ಅಂತ ಬರೆದಿದ್ದೀರಿ. ಸರಿಯಾಗಿ ಗುರುತಿಸಿದ್ದೀರಿ. ಹೆಂಚು ಸೂರಿನ ಮೇಲೆ ಇರಬೇಕಲ್ಲ, ಗೋಡೆಗೇಕೆ? ಸರ್ರೇ ಸೀಮೆಯ ಹಳೇ ಮನೆಗಳಿಗೆ ಓಕ್ ಮರದ ಚೌಕಟ್ಟು. ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಕೆಲವು ಕಡೆ ಇಟ್ಟಿಗೆ. ಮರ ಒಣಗಿ ಸೊರಗಿದಾಗ ಸಂದಿ ಬಿಡುತ್ತಿತ್ತು. ಆ ಸಂದಿಯಲ್ಲಿ ಮಳೆ, ಗಾಳಿ ಒಳಗೆ. ಅದಕ್ಕೆ ಗೋಡೆಯ ಮೇಲೆ ಅಡ್ಡ ರೀಪು ಹೊಡೆದು ಸುಟ್ಟ ಹೆಂಚನ್ನು ಒಂದರ ಮೇಲೊಂದು ನೇತುಹಾಕಿದರು. ಹೆಚ್ಚಾಗಿ ಮೇಲಂತಸ್ತಿಗೆ ಮಾತ್ರ. ಹದಿನೇಳನೇ ಶತಮಾನದ ಕೊನೆಯಿಂದ ಈ ಪದ್ಧತಿ ಆ ಕಡೆ ಬೆಳೆಯಿತು. ಅಲಿಂಗ್‌ಹ್ಯಾಮ್ ಈ ಹೆಂಚುಗಳನ್ನು ಒಟ್ಟು ಕೆಂಪು ಬಳಿದು ಬಿಟ್ಟುಬಿಡಲಿಲ್ಲ. ಒಂದು ಹೆಂಚು ಕಿತ್ತಳೆ, ಪಕ್ಕದ್ದು ಕಂದು, ಮತ್ತೊಂದಕ್ಕೆ ಪಾಚಿ ಹಿಡಿದ ಹಸಿರು. ಬಾಗಿದ ಸೂರಿನ ತುದಿ, ಇಟ್ಟಿಗೆ ಚಿಮಣಿಯ ಆಕಾರ, ಬೇಲಿಯ ಕಟ್ಟು, ಎಲ್ಲದಕ್ಕೂ ಆ ಸೀಮೆಯದ್ದೇ ಗುರುತು.

ಅವರಿಗೆ ಈ ಹಟ ಬಂದದ್ದಕ್ಕೆ ಕಾರಣ ಇದೆ. 1859ರಲ್ಲಿ ಲಂಡನ್ನಿನಿಂದ ಪೋರ್ಟ್ಸ್‌ಮತ್ ಕಡೆಗೆ ಹೊಸ ರೈಲು ದಾರಿ ಆಯಿತು. ವಿಟ್ಲಿಯಲ್ಲೂ ಹೇಝಲ್‌ಮಿಯರ್‌ನಲ್ಲೂ ಸ್ಟೇಷನ್ ಬಂತು. ದುಡ್ಡಿದ್ದ ಪಟ್ಟಣದವರು ಹಳ್ಳಿಗೆ ಬಂದು ಮನೆ ಮಾಡತೊಡಗಿದರು. ಹಳೇ ಗುಡಿಸಲುಗಳನ್ನು ಕೊಂಡು ರಿಪೇರಿ ಮಾಡಿಸಿದರು, ಕೆಲವನ್ನು ಕೆಡವಿಸಿದರು. 1886ರಲ್ಲಿ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯಲ್ಲಿ ಅಲಿಂಗ್‌ಹ್ಯಾಮ್ ಅವರ ಸರ್ರೇ ಮನೆಗಳ ಪ್ರದರ್ಶನ ನಡೆಯಿತು. ಚಿತ್ರ ಬರೆದು ಕೆಲವು ತಿಂಗಳಾಗುವುದರೊಳಗೆ ಎಷ್ಟೋ ಮನೆಗಳ ರೂಪ ಬದಲಾಗಿದೆ, ಕೆಲವು ಇಲ್ಲವೇ ಇಲ್ಲ ಅಂತ ಅದರ ಕ್ಯಾಟಲಾಗಿನಲ್ಲೇ ಬರೆದಿದ್ದರು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೇ ಕಟ್ಟಡಗಳನ್ನು ಉಳಿಸಲು ಸಂಘ ಕಟ್ಟಿದ್ದು 1877ರಲ್ಲಿ. ಆ ಕಾಳಜಿ ಗಾಳಿಯಲ್ಲೇ ಇತ್ತು. ಆದರೆ ಚಿತ್ರಗಳನ್ನು ಕೊಂಡವರು ಯಾರು? ಬಹುಪಾಲು ಅದೇ ಪಟ್ಟಣದ ಉಳ್ಳವರು. ಹಳ್ಳಿ ಬದಲಾಗಲು ಕಾರಣರಾದವರೇ ಹಳೇ ಹಳ್ಳಿಯ ಚಿತ್ರವನ್ನು ಗೋಡೆಗೆ ಹಾಕಿಕೊಂಡರು.

ಇಲ್ಲಿ ಒಂದು ವಿವರ ನನಗೆ ಬಹಳ ಮುಖ್ಯ ಅನಿಸುತ್ತದೆ. ಅದು ಕಿಟಕಿ. ನಿಮ್ಮ ಚಿತ್ರದಲ್ಲಿ ಕಿಟಕಿಗೆ ಪುಟ್ಟ ಪುಟ್ಟ ಗಾಜಿನ ಚೂರುಗಳಿದ್ದು, ನಡುವೆ ಸೀಸದ ಗೆರೆಗಳಿವೆಯಾ ನೋಡಿ. ದೊಡ್ಡ ಗಾಜು ಬಲು ದುಬಾರಿಯಾಗಿದ್ದ ಕಾಲದ ಕಿಟಕಿ ಅದು. ಗಾಜಿನ ಮೇಲೆ ಸರ್ಕಾರದ ಸುಂಕ ಬೇರೆ. 1845ರಲ್ಲಿ ಸುಂಕ ತೆಗೆದರು, ಗಾಜು ಅಗ್ಗವಾಯಿತು. ಹಳ್ಳಿಮನೆಗಳಿಗೂ ದೊಡ್ಡ ಗಾಜಿನ ಕಿಟಕಿ ಬಂತು. ಅಲಿಂಗ್‌ಹ್ಯಾಮ್ ಚಿತ್ರ ಬರೆಯುವಾಗ ಅಂಥ ಹೊಸ ಕಿಟಕಿ ಕಂಡರೆ ಕೆಲವೊಮ್ಮೆ ಅದನ್ನು ಬಿಟ್ಟು, ಹಳೇ ಸೀಸದ ಕಿಟಕಿಯನ್ನೇ ಮತ್ತೆ ಬರೆದುಬಿಡುತ್ತಿದ್ದರು. ಮನೆಯನ್ನು ಅದರ ಹಳೇ ರೂಪಕ್ಕೆ ತರುವುದು ಅವರ ಉದ್ದೇಶ. ‘ಬಹುಮಟ್ಟಿಗೆ ನಂಬಬಹುದು’ ಅಂತ ನಾನು ಬರೆದದ್ದು ಇದಕ್ಕೇ.

ಅದೇ ಕಿಟಕಿಯನ್ನು ಒಳಗೆ ಕೂತವರ ಕಡೆಯಿಂದ ಯೋಚಿಸಿ. ತಗ್ಗಿನ ಕೋಣೆ, ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು, ಹೊಲಿಗೆ ಹಾಕುತ್ತಾ ಕೂತ ಹೆಂಗಸು. ದೊಡ್ಡ ಗಾಜು ಬಂದರೆ ಆಕೆಗೆ ಬೆಳಕು ಬಂದ ಹಾಗೆ. ರಸ್ತೆಯಲ್ಲಿ ನಿಂತು ನೋಡುವವರಿಗೆ ಅದು ನಷ್ಟ, ಮನೆಯೊಳಗಿನವರಿಗೆ ಸುಖ. ಅಲಿಂಗ್‌ಹ್ಯಾಮ್ ಅವರ ಮನೆಗಳ ಚಿತ್ರಗಳಲ್ಲಿ ಬಹುಪಾಲು ಹೊರಗಿನಿಂದ ನೋಡಿದ್ದು, ಅಂಗಳದಿಂದಲೋ ದಾರಿಯಿಂದಲೋ. ಹುಲ್ಲು ಸೂರಿನ ಕೆಳಗೆ ಗೋಡೆಯ ತೇವ ಹೇಗಿತ್ತು, ಒಂದೇ ಕೋಣೆಯಲ್ಲಿ ಎಷ್ಟು ಮಕ್ಕಳು ಮಲಗುತ್ತಿದ್ದರು ಅನ್ನುವುದು ಅಲ್ಲಿಂದ ಕಾಣುವುದಿಲ್ಲ.

ಈಗ ಏಪ್ರನ್. ಅಷ್ಟು ಬಿಳಿ, ಅಷ್ಟು ಗರಿಗರಿ. ಹೊಲ, ಹಂದಿಗೂಡು, ಸೌದೆ ಒಲೆ, ಬಾವಿ ನೀರು ಇರುವ ಮನೆಯಲ್ಲಿ ಅದು ವಾರದ ಎಲ್ಲ ದಿನ ಹಾಗೇ ಇರಲು ಸಾಧ್ಯವಿಲ್ಲ, ಅಲ್ವಾ? ಆ ದಶಕಗಳು ಇಂಗ್ಲೆಂಡಿನ ಬೇಸಾಯಕ್ಕೆ ಕೆಟ್ಟ ದಶಕಗಳು. ಅಮೆರಿಕದ ಬಯಲಿನ ಗೋಧಿ ಹಡಗಿನಲ್ಲಿ ಬಂದು ಇಳಿಯಿತು. 1879ರಲ್ಲಿ ಮಳೆ ನಿಲ್ಲದೆ ಬೆಳೆ ಕೊಳೆಯಿತು. 1877ಕ್ಕೂ 1894ಕ್ಕೂ ನಡುವೆ ಗೋಧಿ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೂಲಿಯವರು ಪಟ್ಟಣಕ್ಕೂ ಹೊರದೇಶಗಳಿಗೂ ಗುಳೆ ಹೋದರು. ಎಷ್ಟೋ ಮನೆಗಳು ಜಮೀನುದಾರರದ್ದು. ಕೆಲಸ ಹೋದರೆ ಮನೆಯನ್ನೂ ಬಿಡಬೇಕು. ಜೋಸೆಫ್ ಆರ್ಚ್ ಎಂಬ ಕೃಷಿ ಕಾರ್ಮಿಕ 1872ರಲ್ಲಿ ಕೂಲಿಗಳ ಸಂಘ ಕಟ್ಟಿದ. ಹಳ್ಳಿಯ ಕೂಲಿ ಗಂಡಸರಿಗೆ ಓಟು ಸಿಕ್ಕಿದ್ದು 1884ರಲ್ಲಿ. ಇದರ ಯಾವ ಸುಳಿವೂ ಆ ಹೂವಿನ ಅಂಗಳದಲ್ಲಿ ಇಲ್ಲ.

ಹೋಲಿಕೆಗೆ ಒಂದು ಚಿತ್ರ ನೋಡಿ. ಜಾರ್ಜ್ ಕ್ಲಾಸೆನ್ 1883–84ರಲ್ಲಿ ಬರೆದ ‘ವಿಂಟರ್ ವರ್ಕ್’. ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಜಲವರ್ಣ ಅಲ್ಲ, ತೈಲವರ್ಣ. ಕೆಸರು ಹೊಲದಲ್ಲಿ ಕೂಲಿಯವರು ಬಗ್ಗಿ ಕುರಿಗಳ ಮೇವಿಗೆ ಟರ್ನಿಪ್ ಗಡ್ಡೆಗಳ ತುದಿ ಕತ್ತರಿಸುತ್ತಿದ್ದಾರೆ. ಕಾಲಿಗೆ ದಪ್ಪ ಬೂಟು, ಮೈಗೆ ಗೋಣಿಯಂಥ ಬಟ್ಟೆ. ಒಂದು ಕಡೆ ಉರುಳಿಸಿ ಆಡುವ ದೊಡ್ಡ ಬಳೆ ಹಿಡಿದ ಹುಡುಗಿ ನಿಂತಿದ್ದಾಳೆ. ಆ ಹುಡುಗಿಯನ್ನು ಕ್ಲಾಸೆನ್ ಆಮೇಲೆ ಸೇರಿಸಿದ್ದು. ಅಷ್ಟು ಕಟುವಾದ ಚಿತ್ರಕ್ಕೂ ಒಂದಿಷ್ಟು ಮೆದು ಬೇಕಾಯಿತು. ಅಲಿಂಗ್‌ಹ್ಯಾಮ್ ಸರ್ರೇಯಲ್ಲಿ ಹೂವು ಬರೆಯುತ್ತಿದ್ದ ವರ್ಷಗಳಲ್ಲೇ ಇದೂ ಆದದ್ದು.

ಹಾಗಂತ ಅಲಿಂಗ್‌ಹ್ಯಾಮ್ ಸುಳ್ಳು ಬರೆದರು ಅಂತ ನಾನು ಹೇಳಲಾರೆ. ರೋಗಕ್ಕೆ ತಂದೆಯನ್ನೂ ತಂಗಿಯನ್ನೂ ಕಳೆದುಕೊಂಡವರಿಗೆ ಹಳ್ಳಿಯ ಕಷ್ಟ ತಿಳಿಯದೆ ಇರುತ್ತದೆಯೇ? ಅವರು ಆಯ್ಕೆ ಮಾಡಿದರು. ಚಿತ್ರ ಮಾರಾಟವಾಗಬೇಕಿತ್ತು. 1889ರಲ್ಲಿ ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳ ಸಂಸಾರ ಅವರ ಕುಂಚದ ಮೇಲೇ ನಿಂತಿತ್ತು. ಮರುವರ್ಷ, 1890ರಲ್ಲಿ, ರಾಯಲ್ ವಾಟರ್‌ಕಲರ್ ಸೊಸೈಟಿ ಅವರನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು. ಹೆಂಗಸರಲ್ಲಿ ಅವರೇ ಮೊದಲಿಗರು. 1804ರಲ್ಲಿ ಶುರುವಾದ ಸಂಘ ಅದು. ಎಂಬತ್ತಾರು ವರ್ಷ ಹೆಂಗಸರಿಗೆ ಆ ಬಾಗಿಲು ಪೂರ್ತಿ ತೆರೆದಿರಲಿಲ್ಲ. ‘ಹೂವು, ಮಕ್ಕಳು, ಗುಡಿಸಲು, ಇಷ್ಟೇ ತಾನೇ’ ಅಂತ ಅವರ ಕೆಲಸವನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಆ ಸೀಮೆಯ ಮನೆಗಳನ್ನು ಅಧ್ಯಯನ ಮಾಡುವವರು ಇವತ್ತಿಗೂ ಅವರ ಚಿತ್ರಗಳನ್ನು ನೋಡುತ್ತಾರೆ.

ನಿಮ್ಮ ಮಗಳ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿದೆ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಬೆಳಕು ಬಣ್ಣದ ತೆಳು ಪದರ ದಾಟಿ, ಕಾಗದಕ್ಕೆ ತಾಗಿ, ವಾಪಸ್ಸು ಬರುತ್ತದೆ. ಅದಕ್ಕೇ ಒಳಗಿನಿಂದ ಹೊಳೆದಂತೆ ಕಾಣುವುದು. ಹಾಗಾದರೆ ಕಪ್ಪು ಹಸಿರು ಎಲೆಗಳ ನಡುವೆ ನೂರಾರು ಬಿಳಿ ಹೂವು ಬೇಕಾದರೆ? ಒಂದೊಂದರ ಸುತ್ತಲೂ ಬಣ್ಣ ಹಾಕುತ್ತಾ ಹೋಗುವುದು ಆಗದ ಮಾತು. ಅವರ ನೆರೆಯವರಾಗಿದ್ದ ಬರ್ಕೆಟ್ ಫಾಸ್ಟರ್, ವಿಟ್ಲಿಯಲ್ಲೇ ಇದ್ದ ದೊಡ್ಡ ಹೆಸರಿನ ಚಿತ್ರಕಾರರು, ಬಣ್ಣಕ್ಕೆ ಬಿಳಿ ಬೆರೆಸಿ ಮಂದ ಮಾಡಿಕೊಂಡು ಸಣ್ಣ ಚುಕ್ಕೆಗಳಾಗಿ ಇಡುತ್ತಿದ್ದರು. ಈಗಿನ ಮಕ್ಕಳ ಪೋಸ್ಟರ್ ಕಲರ್‌ಗೆ ಅದು ಹತ್ತಿರ. 1834ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಸತುವಿನಿಂದ ಮಾಡಿದ ‘ಚೈನೀಸ್ ವೈಟ್’ ತಂದ ಮೇಲೆ ಈ ದಾರಿ ಸುಲಭವಾಯಿತು.

ಅಲಿಂಗ್‌ಹ್ಯಾಮ್ ಹೆಚ್ಚಾಗಿ ಬೇರೆ ದಾರಿ ಹಿಡಿದರು. ಮೊದಲು ಹಸಿರನ್ನು ಹಾಕಿಬಿಡುವುದು. ಪೂರ್ತಿ ಒಣಗಿದ ಮೇಲೆ ಚೂಪಾದ ಚಾಕುವಿನ ತುದಿಯಿಂದ ಹೂವು ಇರಬೇಕಾದ ಕಡೆ ಕಾಗದದ ಮೇಲ್ಪದರವನ್ನು ಕೆರೆದು ತೆಗೆಯುವುದು. ಕೆಳಗಿನ ಬಿಳಿ ಕಾಣುತ್ತದೆ. ಬಿಳಿ ಹೂವಾದರೆ ಅಲ್ಲಿಗೇ ಬಿಡುವುದು. ಗುಲಾಬಿಯೋ ಹಳದಿಯೋ ಬೇಕಿದ್ದರೆ ಆ ಕೆರೆದ ಜಾಗಕ್ಕೆ ತೆಳುವಾಗಿ ಬಣ್ಣ ಮುಟ್ಟಿಸುವುದು. ಹೊಗೆ, ದೂರದ ಮರ, ಇಬ್ಬನಿ ಬೇಕಾದಲ್ಲಿ ಒದ್ದೆ ಸ್ಪಂಜಿನಿಂದ ಉಜ್ಜಿ ಬಣ್ಣ ತೆಗೆಯುವುದು. ಬಣ್ಣಗಳೂ ಅವರಿಗೆ ಹೆಚ್ಚು ಬೇಕಿರಲಿಲ್ಲ. ಕೋಬಾಲ್ಟ್ ನೀಲಿ, ಕೆಲವು ಹಳದಿ, ಗುಲಾಬಿಗೆಂಪಿನ ರೋಸ್ ಮ್ಯಾಡರ್, ಕೆಮ್ಮಣ್ಣಿನ ಬಗೆಯ ಲೈಟ್ ರೆಡ್, ಕಂದು ಸೀಪಿಯಾ. ಹಸಿರನ್ನು ನೀಲಿ ಹಳದಿ ಬೆರೆಸಿಯೇ ಮಾಡಿಕೊಳ್ಳುತ್ತಿದ್ದರು. ಆ ಎಲೆಗಳು ಒಂದರಂತೆ ಇನ್ನೊಂದು ಕಾಣದಿರಲು ಅದೂ ಕಾರಣ.

ಮಗಳು ಇದನ್ನು ಮಾಡಿ ನೋಡಬಹುದು. ಆದರೆ ಶಾಲೆಯ ಡ್ರಾಯಿಂಗ್ ಶೀಟಿನಲ್ಲಿ ಬೇಡ, ಅದು ಹರಿದುಹೋಗುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದ ತನ್ನಿ. ಬಣ್ಣ ಒಣಗಲು ಪೂರ್ತಿ ಹೊತ್ತು ಕೊಡಬೇಕು. ಮಳೆಗಾಲದ ಮಂಗಳೂರಿನಲ್ಲಿ ಒಂದು ರಾತ್ರಿ ಬಿಟ್ಟರೂ ಜಾಸ್ತಿಯಾಗದು. ಹಸಿ ಇರುವಾಗ ಕೆರೆದರೆ ಬಿಳಿ ಬರುವ ಬದಲು ಬಣ್ಣ ಗಾಯದೊಳಗೆ ಇಳಿದು ಇನ್ನೂ ಕಪ್ಪಾಗುತ್ತದೆ. ಬ್ಲೇಡನ್ನು ನೇರ ಚುಚ್ಚದೆ ಓರೆಯಾಗಿ ಹಿಡಿದು, ಒತ್ತದೆ, ಮೇಲ್ಮೇಲೆ ಕೆರೆಯಲಿ. ನೀವು ಹತ್ತಿರ ಕೂತಿರಿ.

ಈ ಕೆರೆತವೇ ನಿಮ್ಮ ಮೊದಲ ಪ್ರಶ್ನೆಗೂ ಸಹಾಯ ಮಾಡುತ್ತದೆ. ಭೂತಗನ್ನಡಿಯಲ್ಲಿ ಚುಕ್ಕೆಗಳು ಕಾಣದಿದ್ದರೆ, ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬಿಳಿ ಹೂವುಗಳ ಜಾಗದಲ್ಲಿ ಕಾಗದ ಎದ್ದಂತೆ, ನಾರು ಬಿಟ್ಟಂತೆ ಕಂಡರೆ ಪರಿಣತರಿಗೆ ತೋರಿಸಲೇಬೇಕು. ಕಟ್ಟು ನೀವಾಗಿ ಬಿಚ್ಚಬೇಡಿ, ಒರೆಸಲೂ ಬೇಡಿ. ಪ್ರಿಂಟ್ ಆಗಲಿ ಮೂಲವಾಗಲಿ, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ರೋಸ್ ಮ್ಯಾಡರ್ ಬಿಸಿಲಿಗೆ ಬೇಗ ಸೋಲುತ್ತದೆ, ಅಚ್ಚಿನ ಬಣ್ಣಗಳೂ ಅಷ್ಟೇ. ಕರಾವಳಿಯ ತೇವಕ್ಕೆ ಬೂಷ್ಟು ಬರದ ಹಾಗೆ ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಡುವ, ಆಮ್ಲ ಇಲ್ಲದ ರಟ್ಟಿನ ಮೌಂಟ್ ಹಾಕಿಸಿ. ಹೊರಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ. ಮುಂದೆ ಲಂಡನ್ನಿಗೆ ಹೋಗುವ ಯೋಗ ಬಂದರೆ, ಅವರು ಬಹಳ ವರ್ಷ ಇದ್ದ ಹ್ಯಾಂಪ್‌ಸ್ಟೆಡ್‌ನ ಬರ್ಗ್ ಹೌಸ್ ವಸ್ತುಸಂಗ್ರಹಾಲಯದಲ್ಲಿ ಅವರ ಮೂಲ ಚಿತ್ರಗಳಿವೆ. ಮಗಳನ್ನೂ ಕರೆದುಕೊಂಡು ಹೋಗಿ.